ಹಾರ್ಟ್‌ಫರ್ಡ್‌ಶೈರ್‌ನ ಹಕ್ಕಿ, ಚಿಟ್ಟೆ, ಕಾಡುಹೂವು: ಕಂಡದ್ದನ್ನು ದಾಖಲೆ ಮಾಡುವುದು ಹೇಗೆ?

ಇಂಗ್ಲೆಂಡಿನ ವಾಟ್‌ಫರ್ಡ್, ಸೇಂಟ್ ಆಲ್ಬನ್ಸ್, ಹೆಮೆಲ್ ಹೆಂಪ್‌ಸ್ಟೆಡ್ ಕಡೆ ಮನೆ ಮಾಡಿಕೊಂಡಿರುವ ನಮ್ಮವರು ಯುಗಾದಿಗೋ ರಾಜ್ಯೋತ್ಸವಕ್ಕೋ ಸೇರಿದಾಗ ನನ್ನನ್ನು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಪಾರ್ಕಿನಲ್ಲಿ ಒಂದು ಹಕ್ಕಿ ನೋಡಿದೆ, ಯಾರಿಗೆ ಹೇಳಬೇಕು? ಇದಕ್ಕೆಲ್ಲ ಜೀವಶಾಸ್ತ್ರ ಓದಿರಬೇಕಾ? ಹೊರಗಿನಿಂದ ಬಂದ ನಮ್ಮನ್ನು ಸೇರಿಸಿಕೊಳ್ಳುತ್ತಾರಾ? ಮಕ್ಕಳನ್ನು ಕರೆದುಕೊಂಡು ಹೋಗಬಹುದಾ? ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ. ಓದು ಬೇಕಿಲ್ಲ, ಸೇರಿಸಿಕೊಳ್ಳುತ್ತಾರೆ, ಮಕ್ಕಳನ್ನೂ ಕರೆದೊಯ್ಯಬಹುದು. ಬೇಕಾದದ್ದು ಒಂದೇ: ಗೊತ್ತಿದ್ದಷ್ಟನ್ನು ಮಾತ್ರ ಬರೆಯುವ ನಿಷ್ಠೆ.

ಹಾರ್ಟ್‌ಫರ್ಡ್‌ಶೈರ್ ನನಗೆ ಪರಿಚಯದ ಕೌಂಟಿ. ಹಾಗಾಗಿ ಉದಾಹರಣೆಗಳೆಲ್ಲ ಇಲ್ಲಿನವು. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಇದ್ದಂತೆ. ನೀವು ಬಕಿಂಗ್‌ಹ್ಯಾಮ್‌ಶೈರ್‌ನಲ್ಲೋ ಸರ್ರೆಯಲ್ಲೋ ಇದ್ದರೂ ಕ್ರಮ ಬಹುತೇಕ ಇದೇ. ಸಂಘದ ಹೆಸರು ಮಾತ್ರ ಬೇರೆ.

ಸೊಸೈಟಿ ಎಂದರೆ ಏನು?

ಇಂಗ್ಲೆಂಡಿನ ಹಲವು ಕೌಂಟಿಗಳಲ್ಲಿ ಒಂದೊಂದು ನ್ಯಾಚುರಲ್ ಹಿಸ್ಟರಿ ಸೊಸೈಟಿ ಇದೆ. ಊರಿನ ಗಿಡ, ಹಕ್ಕಿ, ಹುಳು, ಅಣಬೆಗಳನ್ನು ನೋಡಿ ಬರೆದಿಡುವ ಹವ್ಯಾಸಿಗಳ ಸಂಘ ಅದು. ಹಾರ್ಟ್‌ಫರ್ಡ್‌ಶೈರ್‌ನದ್ದು 1875ರಲ್ಲಿ ವಾಟ್‌ಫರ್ಡ್‌ನಲ್ಲಿ ಶುರುವಾಯಿತು. ಹಾರ್ಟ್ಸ್ ಬರ್ಡ್ ಕ್ಲಬ್ ಇದರದ್ದೇ ಅಂಗ. ಇದನ್ನು ವೈಲ್ಡ್‌ಲೈಫ್ ಟ್ರಸ್ಟ್ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಟ್ರಸ್ಟ್‌ನ ಮುಖ್ಯ ಕೆಲಸ ಜಾಗಗಳನ್ನು ಕಾಪಾಡುವುದು, ಸೊಸೈಟಿಯದ್ದು ಏನು ಎಲ್ಲಿದೆ ಎಂದು ತಿಳಿದು ದಾಖಲಿಸುವುದು. ಎರಡಕ್ಕೂ ಸೇರಬಹುದು.

ಸೊಸೈಟಿಯಲ್ಲಿ ನಿಮಗೆ ಅತಿ ಮುಖ್ಯರಾದವರು ಕೌಂಟಿ ರೆಕಾರ್ಡರ್. ಚಿಟ್ಟೆಗೊಬ್ಬರು, ಪತಂಗಕ್ಕೊಬ್ಬರು, ಹೂಗಿಡಕ್ಕೊಬ್ಬರು, ಹೀಗೆ ಒಂದೊಂದು ಜೀವಿಗುಂಪಿನ ದಾಖಲೆಗಳನ್ನು ಪರಿಶೀಲಿಸುವ ಹಿರಿಯರು. ಹೆಚ್ಚಿನವರು ಸಂಬಳವಿಲ್ಲದ ಸ್ವಯಂಸೇವಕರು. ಹಗಲು ಬೇರೆ ಉದ್ಯೋಗ ಮಾಡಿ ರಾತ್ರಿ ನಿಮ್ಮ ಫೋಟೋ ತೆರೆದು ನೋಡುವವರೂ ಅವರಲ್ಲಿದ್ದಾರೆ. ಇದನ್ನು ನೆನಪಿಟ್ಟುಕೊಂಡರೆ ಉತ್ತರ ತಡವಾದಾಗ ಬೇಸರವಾಗುವುದಿಲ್ಲ.

ದಾಖಲೆಗೆ ನಾಲ್ಕು ಕಾಲು

ಏನು, ಎಲ್ಲಿ, ಯಾವಾಗ, ಯಾರು. ಈ ನಾಲ್ಕೂ ಇದ್ದರೆ ಅದು ದಾಖಲೆ, ಒಂದು ಕಳೆದರೂ ಬರೀ ನೆನಪು. ನನ್ನ ಮೊದಲ ವರ್ಷದ ಪುಸ್ತಕದಲ್ಲಿ ‘ಕೆರೆ ಹತ್ತಿರ, ಮಿಂಚುಳ್ಳಿ’ ಎಂಬಂಥ ಸಾಲುಗಳು ಪುಟಗಟ್ಟಲೆ ಇವೆ. ಯಾವ ಕೆರೆ, ಯಾವ ತಿಂಗಳು ಎಂದು ಬರೆದಿಲ್ಲ. ಆ ಇಡೀ ವರ್ಷ ನೋಡಿದ್ದು ಯಾರ ಉಪಯೋಗಕ್ಕೂ ಬರಲಿಲ್ಲ ಎಂಬ ಸಂಕಟ ನನಗೆ ಇವತ್ತಿಗೂ ಇದೆ. ಮನೆಗೆ ಹೋಗಿ ಬರೆಯೋಣ ಎಂದುಕೊಳ್ಳಬೇಡಿ, ನಿಂತಲ್ಲೇ ಬರೆಯಿರಿ.

‘ಯಾರು’ ಎಂಬಲ್ಲಿ ನಮ್ಮವರಿಗೆ ವಿಶೇಷ ತೊಡಕಿದೆ. ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು ಸೇರಿಕೊಂಡ ಒಂದು ಹೆಸರು, ಆಫೀಸಿನಲ್ಲಿ ಮೊಟಕು ಮಾಡಿದ ಇನ್ನೊಂದು, ಇನಿಷಿಯಲ್ ಮುಂದಿಟ್ಟು ಮತ್ತೊಂದು. ಮೂರು ಥರ ಬರೆದರೆ ದಾಖಲೆಯಲ್ಲಿ ನೀವು ಮೂರು ಜನ ಆಗುತ್ತೀರಿ. ಒಂದು ರೂಪ ಆರಿಸಿ, ಕೊನೆಯವರೆಗೂ ಅದನ್ನೇ ಬಳಸಿ. ಅಡ್ಡಹೆಸರು ಬೇಡ.

ಹಂತ 1: ಒಂದು ಜಾಗ ಹಿಡಿಯಿರಿ

ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಒಂದು ಜಾಗ ಸಾಕು. ಪಾರ್ಕು, ಕಾಲುವೆಯ ದಂಡೆ, ಚರ್ಚಿನ ಅಂಗಳ, ನಿಮ್ಮದೇ ಹಿತ್ತಲು. ವಾರಕ್ಕೊಮ್ಮೆ ಅದೇ ಜಾಗಕ್ಕೆ ಹೋಗಿ. ಅಪರೂಪದ ಹಕ್ಕಿ ಬಂದಿದೆ ಎಂದು ಕಾರು ಹತ್ತಿ ಐವತ್ತು ಮೈಲಿ ಓಡುವವರು ಬೇಕಾದಷ್ಟು ಜನ ಇದ್ದಾರೆ. ನಿಮ್ಮ ಬೀದಿಯ ಗುಬ್ಬಚ್ಚಿಯನ್ನು ಹತ್ತು ವರ್ಷ ಎಣಿಸಿದವರು ಸಿಗುವುದಿಲ್ಲ. ಒಂದು ಜೀವಿ ಕಡಿಮೆಯಾಗುತ್ತಿದೆ ಎಂದು ತಿಳಿಯಬೇಕಾದರೆ ಅದು ಧಾರಾಳವಾಗಿದ್ದಾಗ ಯಾರಾದರೂ ಬರೆದಿಟ್ಟಿರಬೇಕು.

ಸೇಂಟ್ ಆಲ್ಬನ್ಸ್‌ನವರಿಗೆ ನಾನು ಹೇಳುವುದು ವೆರುಲೇಮಿಯಂ ಪಾರ್ಕು. ಅಲ್ಲಿನ ಕೆರೆಯ ದ್ವೀಪದ ಮರಗಳಲ್ಲಿ ಬೂದು ಬಕ ಗೂಡು ಕಟ್ಟುತ್ತದೆ. ನಮ್ಮೂರ ಕೆರೆಗಳಲ್ಲಿ ಒಂಟಿಕಾಲಲ್ಲಿ ನಿಲ್ಲುವ ಅದೇ ಬೂದು ಬಕ, ಅದೇ ಪ್ರಭೇದ. ಪರಿಚಿತ ಮುಖದಿಂದ ಶುರುಮಾಡಿದರೆ ಧೈರ್ಯ ಬರುತ್ತದೆ.

ಹಂತ 2: ಸಾಮಾನು

ಪೆನ್ಸಿಲ್ (ಪೆನ್ನು ಮಳೆಗೆ ಹರಡಿಕೊಳ್ಳುತ್ತದೆ), ಜೇಬಿನಲ್ಲಿ ಹಿಡಿಯುವ ಪುಸ್ತಕ, ಫೋನು. ಹಕ್ಕಿಗೆ 8x42 ಬೈನಾಕ್ಯುಲರ್ ಒಳ್ಳೆಯದು. ಅದರಲ್ಲಿ 8 ಎಂದರೆ ಎಂಟು ಪಟ್ಟು ಹತ್ತಿರ ತೋರುತ್ತದೆ ಎಂದು, 42 ಎಂದರೆ ಮುಂದಿನ ಮಸೂರದ ಅಗಲ ಮಿಲಿಮೀಟರ್‌ಗಳಲ್ಲಿ. ಹೂವು ಮತ್ತು ಹುಳುವಿಗೆ 10x ಕೈಮಸೂರ ಬೇಕು. ಮಸೂರವನ್ನು ಹೂವಿನ ಬಳಿ ಹಿಡಿದು ಬಗ್ಗುವುದು ಸಾಮಾನ್ಯ ತಪ್ಪು. ಅದನ್ನು ಕಣ್ಣಿಗೆ ಒತ್ತಿ ಹಿಡಿದು, ಹೂವನ್ನು ಮಸೂರದ ಹತ್ತಿರ ತನ್ನಿ.

ಬಟ್ಟೆಯ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಇಲ್ಲಿನ ಎತ್ತರದ ಹುಲ್ಲಿನಲ್ಲಿ, ಜಿಂಕೆ ಓಡಾಡುವ ಕಾಡಿನಲ್ಲಿ ಉಣುಗು ಇರುತ್ತದೆ. ದನಗಳ ಮೈಗೆ ಹತ್ತುವ ಉಣ್ಣೆಯ ಸಂಬಂಧಿ. ಕೆಲವು ಉಣುಗುಗಳು ಲೈಮ್ ಎಂಬ ಕಾಯಿಲೆ ಹರಡುತ್ತವೆ. ಉದ್ದ ಪ್ಯಾಂಟು ಹಾಕಿ, ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿ. ಮನೆಗೆ ಬಂದ ಮೇಲೆ ಮೊಣಕಾಲಿನ ಹಿಂದೆ, ತೊಡೆಸಂದು, ಕಂಕುಳು, ಮಕ್ಕಳ ಕಿವಿಯ ಹಿಂದೆ ನೋಡಿ. ಹತ್ತಿದ್ದರೆ ಸಣ್ಣ ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನಿಧಾನಕ್ಕೆ ನೇರವಾಗಿ ಎಳೆಯಿರಿ. ಎಣ್ಣೆ ಸುರಿಯುವುದು, ಬೆಂಕಿಕಡ್ಡಿ ತಾಗಿಸುವುದು ಬೇಡ. ಆಮೇಲಿನ ವಾರಗಳಲ್ಲಿ ಅಲ್ಲಿ ದುಂಡಗೆ ಹರಡುವ ಕೆಂಪು ಕಂಡರೆ ಅಥವಾ ಜ್ವರ, ಮೈಕೈನೋವು ಬಂದರೆ ಜಿಪಿ (ನಿಮ್ಮ ಸ್ಥಳೀಯ ವೈದ್ಯರು) ಬಳಿ ಹೋಗಿ ಉಣುಗು ಕಚ್ಚಿತ್ತು ಎಂದು ಬಾಯಿಬಿಟ್ಟು ಹೇಳಿ.

ಹಂತ 3: ಒಂದು ಫೀಲ್ಡ್ ಮೀಟಿಂಗ್‌ಗೆ ಹೋಗಿ

ಇದು ಸಭೆಯಲ್ಲ, ಜೊತೆಯಾಗಿ ಕಾಡು-ಹೊಲ ಸುತ್ತುವುದು. ಸೊಸೈಟಿಯ ಕಾರ್ಯಕ್ರಮ ಪಟ್ಟಿಯಲ್ಲಿ ದಿನ, ಸೇರುವ ಜಾಗ, ಮುಂದಾಳಿನ ಹೆಸರು ಇರುತ್ತದೆ. ಹೊಸಬರು ಬರಬಹುದೇ, ಮಕ್ಕಳು ಬರಬಹುದೇ ಎಂದು ಮೊದಲೇ ಒಂದು ಇಮೇಲ್ ಹಾಕಿ. ಮಕ್ಕಳಿದ್ದರೆ ದೊಡ್ಡವರೊಬ್ಬರು ಜೊತೆಗಿರಲೇಬೇಕು. ಹೇಳಿದ ಹೊತ್ತಿಗೆ ಐದು ನಿಮಿಷ ಮುಂಚೆ ಅಲ್ಲಿರಿ. ಗುಂಪು ಒಮ್ಮೆ ಕಾಡು ಹೊಕ್ಕರೆ ಹುಡುಕುವುದು ಕಷ್ಟ.

ಅಲ್ಲಿ ಹೆಚ್ಚಿನವರು ಅರವತ್ತು ದಾಟಿದವರು, ನಮ್ಮ ಬಣ್ಣದವರು ನೀವೊಬ್ಬರೇ ಇರಬಹುದು. ಮೊದಲ ಅರ್ಧ ಗಂಟೆ ಮುಜುಗರ ಅನ್ನಿಸೀತು. ‘ಇದೇನು?’ ಎಂದು ಒಂದು ಎಲೆ ತೋರಿಸಿ ಕೇಳಿ ನೋಡಿ, ನಾಲ್ಕು ಜನ ಮಂಡಿಯೂರಿ ಕೂತು ಹೇಳಿಕೊಡುತ್ತಾರೆ. ಪುಸ್ತಕದಲ್ಲಿ ಒಂದು ತಿಂಗಳು ತಡಕಾಡಿದರೂ ಹತ್ತದ್ದು ಅಲ್ಲಿ ಒಂದು ಮಧ್ಯಾಹ್ನದಲ್ಲಿ ಕಣ್ಣಿಗೆ ಹತ್ತುತ್ತದೆ. ಸದಸ್ಯತ್ವದ ಹಣ ಕಟ್ಟುವುದು ಒಂದೆರಡು ಸಲ ಹೋಗಿ ಬಂದ ಮೇಲೆ ಆದರೂ ಪರವಾಗಿಲ್ಲ.

ಹಂತ 4: ಗ್ರಿಡ್ ರೆಫರೆನ್ಸ್ ಕಲಿಯಿರಿ

ಜನ ಹೆದರುವುದು ಇದಕ್ಕೇ. ಹೆದರುವಂಥದ್ದಲ್ಲ. ಬ್ರಿಟನ್ನಿನ ನಕ್ಷೆಯನ್ನು 100 ಕಿ.ಮೀ. ಚೌಕಗಳಾಗಿ ಗೀರಿ, ಪ್ರತಿಯೊಂದಕ್ಕೂ ಎರಡು ಅಕ್ಷರ ಕೊಟ್ಟಿದ್ದಾರೆ. ವಾಟ್‌ಫರ್ಡ್ ಇರುವುದು ‘ಟಿಕ್ಯೂ’ ಚೌಕದಲ್ಲಿ, ಸೇಂಟ್ ಆಲ್ಬನ್ಸ್ ‘ಟಿಎಲ್’ನಲ್ಲಿ. ಸೇಂಟ್ ಆಲ್ಬನ್ಸ್ ಕೆಥೆಡ್ರಲ್ ತೆಗೆದುಕೊಳ್ಳಿ: ಟಿಎಲ್ 145 070. ಚೌಕದ ನೈಋತ್ಯ ಮೂಲೆಯಿಂದ ಪೂರ್ವಕ್ಕೆ 14.5 ಕಿ.ಮೀ., ಅಲ್ಲಿಂದ ಉತ್ತರಕ್ಕೆ 7 ಕಿ.ಮೀ. ಎಂದು ಇದರ ಅರ್ಥ. ಯಾವಾಗಲೂ ಪೂರ್ವದ ಅಂಕಿ ಮೊದಲು. ತಿರುಗಾಮುರುಗಾ ಬರೆದರೆ ನಿಮ್ಮ ಬಕ ಬೇರೆ ಯಾರದೋ ಊರಿನಲ್ಲಿ ಗೂಡು ಕಟ್ಟುತ್ತದೆ.

ಅಂಕಿ ಹೆಚ್ಚಿದಷ್ಟೂ ಚೌಕ ಚಿಕ್ಕದು. ನಾಲ್ಕು ಅಂಕಿ (ಟಿಎಲ್ 1407) ಎಂದರೆ 1 ಕಿ.ಮೀ. ಚೌಕ, ಆರು ಅಂಕಿ 100 ಮೀಟರ್, ಎಂಟು ಅಂಕಿ 10 ಮೀಟರ್. ಹಾರುವ ಹಕ್ಕಿಗೆ ನಾಲ್ಕು ಅಥವಾ ಆರು ಸಾಕು, ಬೇರೂರಿದ ಗಿಡಕ್ಕೆ ಎಂಟು ಒಳ್ಳೆಯದು. ಫೋನಿನ ಆಪ್ ಹತ್ತು ಅಂಕಿ ತೋರಿಸುತ್ತದೆ ಎಂದು ಹತ್ತನ್ನೂ ಬರೆಯಬೇಡಿ. ಮರಗಳ ಅಡಿಯಲ್ಲಿ ಫೋನಿನ ಲೆಕ್ಕವೇ ಹಲವು ಮೀಟರ್ ಆಚೀಚೆ ಇರುತ್ತದೆ.

‘ವೈಸ್-ಕೌಂಟಿ’ ಎಂಬ ಇನ್ನೊಂದು ಮಾತು ಕಿವಿಗೆ ಬೀಳುತ್ತದೆ. ಆಡಳಿತದ ಗಡಿಗಳು ಆಗಾಗ ಬದಲಾಗುತ್ತವೆ. ಹಳೆಯ ದಾಖಲೆಯನ್ನು ಹೊಸದರ ಜೊತೆ ಹೋಲಿಸಬೇಕಾದರೆ ಕದಲದ ಗಡಿ ಬೇಕು. ಅದಕ್ಕಾಗಿ ಎಚ್. ಸಿ. ವಾಟ್ಸನ್ ಎಂಬ ಸಸ್ಯಶಾಸ್ತ್ರಜ್ಞರು 1852ರಲ್ಲಿ ಗ್ರೇಟ್ ಬ್ರಿಟನ್ನನ್ನು 112 ತುಂಡು ಮಾಡಿದರು. ಹಾರ್ಟ್‌ಫರ್ಡ್‌ಶೈರ್ 20ನೆಯದು. ಪಾಟರ್ಸ್ ಬಾರ್ ಎಂಬ ಊರು 1965ರಿಂದ ಆಡಳಿತಕ್ಕೆ ಹಾರ್ಟ್‌ಫರ್ಡ್‌ಶೈರ್, ಆದರೆ ದಾಖಲೆಗೆ ಇವತ್ತಿಗೂ ಮಿಡ್ಲ್‌ಸೆಕ್ಸ್, ಅಂದರೆ 21. ನೀವು ಗ್ರಿಡ್ ಸರಿ ಬರೆದರೆ ಇದನ್ನು ಕಂಪ್ಯೂಟರ್ ತಾನೇ ಹೊಂದಿಸಿಕೊಳ್ಳುತ್ತದೆ.

ಹಂತ 5: ಹೆಸರು ಹಚ್ಚುವುದು

ಇಲ್ಲಿ ನಿಧಾನ ಬೇಕು. ನಮಗೆ ಊರಿನಿಂದ ಹೊತ್ತು ತಂದ ಹೆಸರುಗಳೇ ಅಡ್ಡ ಬರುತ್ತವೆ. ಬೆಂಗಳೂರಿನಲ್ಲಿ ಮ್ಯಾಗ್‌ಪೈ ರಾಬಿನ್ ಎಂದರೆ ಮಡಿವಾಳ ಹಕ್ಕಿ. ಇಲ್ಲಿ ಮ್ಯಾಗ್‌ಪೈ ಎಂದರೆ ಕಾಗೆಯ ಕುಲದ, ಉದ್ದ ಬಾಲದ ಕಪ್ಪು-ಬಿಳಿ ಹಕ್ಕಿ. ರಾಬಿನ್ ಎಂದರೆ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ, ಕಿತ್ತಳೆ ಎದೆಯ ಇನ್ನೊಂದೇ ಹಕ್ಕಿ. ‘ಕಾಗೆ’ ಎಂದು ಬರೆದರೆ ಇಲ್ಲಿ ಸಾಲದು: ಕ್ಯಾರಿಯನ್ ಕ್ರೋ, ಕೊಕ್ಕಿನ ಬುಡ ಬೋಳಾದ ರೂಕ್, ಬೂದು ಕತ್ತಿನ, ತಿಳಿಗಣ್ಣಿನ ಜ್ಯಾಕ್‌ಡಾ, ಮೂರೂ ಒಂದೇ ಹೊಲದಲ್ಲಿ ಇರುತ್ತವೆ. ಹೆಡ್ಜ್‌ಹಾಗ್ ಅನ್ನು ಮನೆಯಲ್ಲಿ ‘ಮುಳ್ಳುಹಂದಿ’ ಎಂದು ಕರೆದುಕೊಳ್ಳಿ, ಆದರೆ ನಮ್ಮ ಕಾಡಿನ ಮುಳ್ಳುಹಂದಿಗೂ ಅದಕ್ಕೂ ನೆಂಟಸ್ತಿಕೆಯಿಲ್ಲ. ಅದು ರಸ್ತೆಯಲ್ಲಿ ಸತ್ತು ಬಿದ್ದಿದ್ದರೂ ದಾಖಲಿಸಿ, ಸತ್ತ ಪ್ರಾಣಿಯ ದಾಖಲೆಯೂ ದಾಖಲೆಯೇ. ನಿಜವಾಗಿಯೂ ಊರಿನದೇ ಆದ ಒಂದು ಹಕ್ಕಿ ಲಂಡನ್ ಸುತ್ತ ಕಿರುಚಾಡಿಕೊಂಡಿದೆ: ಕೊರಳಲ್ಲಿ ಗುಲಾಬಿ ಉಂಗುರದ ನಮ್ಮ ಹಸಿರು ಗಿಳಿ. ಪಂಜರದಿಂದ ತಪ್ಪಿಸಿಕೊಂಡವುಗಳ ಸಂತತಿ ಅದು. ಗುರುತು ಸುಲಭ ಎಂದು ಬಿಟ್ಟುಬಿಡಬೇಡಿ, ಎಷ್ಟಿವೆ ಎಂದು ಎಣಿಸಿ ಬರೆಯಿರಿ.

ಎರಡನೆಯ ಮಾತು, ಗೊತ್ತಿರುವ ಮೆಟ್ಟಿಲಲ್ಲೇ ನಿಲ್ಲಿ. ಲ್ಯಾವೆಂಡರ್ ಪೊದೆಯ ಮುಂದೆ ಹತ್ತು ನಿಮಿಷ ಕೂತರೆ ಬಂಬಲ್‌ಬೀ ಎಂಬ, ಜೇನಿನ ಬಳಗದ ದಪ್ಪ, ರೋಮಶ ಹುಳುಗಳು ಕಾಣುತ್ತವೆ. ಎದೆಯ ಮೇಲೊಂದು ಹಳದಿ ಪಟ್ಟಿ, ಹೊಟ್ಟೆಯ ಮೇಲೊಂದು, ತುದಿಯಲ್ಲಿ ಬಿಳಿಯ ಬಾಲ. ಹೂವಿನ ಕಡ್ಡಿ ಅದರ ಭಾರಕ್ಕೆ ಬಾಗಿ, ಅದು ಹಾರಿದ ಕೂಡಲೇ ಮೇಲಕ್ಕೆ ಚಿಮ್ಮುತ್ತದೆ. ಇದು ವೈಟ್-ಟೇಲ್ಡ್ ಇರಬಹುದು, ಬಫ್-ಟೇಲ್ಡ್ ಪ್ರಭೇದದ ಕೆಲಸಗಾರ ಹುಳುವೂ ಇರಬಹುದು. ಇವೆರಡನ್ನು ಹೊಲದಲ್ಲಿ ನಿಂತು ಖಚಿತವಾಗಿ ಬೇರ್ಪಡಿಸಲು ಪರಿಣತರಿಗೂ ಆಗುವುದಿಲ್ಲ. ಅಂಥ ಕಡೆ ‘ಅಗ್ರಿಗೇಟ್’, ಅಂದರೆ ಈ ಜೋಡಿಯಲ್ಲಿ ಒಂದು, ಎಂದು ಬರೆಯುವ ಅವಕಾಶವಿದೆ. ಅದನ್ನು ಬಳಸಿ. ಊಹಿಸಿದ ಪ್ರಭೇದಕ್ಕಿಂತ ನಿಜವಾದ ಅಗ್ರಿಗೇಟ್ ನೂರು ಪಾಲು ಮೇಲು.

ಬ್ಲೂಬೆಲ್ ಎಂಬ ನೀಲಿ ಕಾಡುಹೂವು ಕೂಡ ಇಂಥದ್ದೇ. ಏಪ್ರಿಲ್-ಮೇನಲ್ಲಿ ಆಶ್ರಿಜ್ ಕಾಡಿಗೆ ನಮ್ಮವರು ಫೋಟೋ ತೆಗೆಸಿಕೊಳ್ಳಲು ಕುಟುಂಬ ಸಮೇತ ಹೋಗುತ್ತಾರೆ. ಹೋದಾಗ ಒಂದು ಹೂವಿನ ಹತ್ತಿರ ಬಗ್ಗಿ ನೋಡಿ. ದಂಟಿನ ತುದಿ ಬಾಗಿ, ಹೂಗಳು ಒಂದೇ ಪಕ್ಕಕ್ಕೆ ಜೋತುಬಿದ್ದು, ಪರಾಗ ಕೆನೆಬಣ್ಣದ್ದಾಗಿದ್ದರೆ ಅದು ಇಲ್ಲಿನ ಮೂಲ ಬ್ಲೂಬೆಲ್. ದಂಟು ನೆಟ್ಟಗಿದ್ದು, ಹೂಗಳು ಸುತ್ತಲೂ ಇದ್ದು, ಪರಾಗ ನೀಲಿಯಾಗಿದ್ದರೆ ತೋಟದಿಂದ ತಪ್ಪಿಸಿಕೊಂಡ ಸ್ಪ್ಯಾನಿಷ್. ಊರಿನ ಅಂಚಿನಲ್ಲಿ ಎರಡರ ಮಿಶ್ರತಳಿ ಸಾಮಾನ್ಯ. ಕಾಲುದಾರಿ ಬಿಟ್ಟು ಹೂವಿನ ಮೇಲೆ ಮಾತ್ರ ಕಾಲಿಡಬೇಡಿ. ತುಳಿದ ಗಿಡ ಚೇತರಿಸಿಕೊಳ್ಳಲು ವರ್ಷಗಳೇ ಬೇಕು.

ಆಪ್‌ಗಳ ಬಗ್ಗೆ: ಫೋಟೋ ನೋಡಿ ಹೆಸರು ಹೇಳುವ, ದನಿ ಕೇಳಿ ಹಕ್ಕಿ ಹೇಳುವ ಆಪ್‌ಗಳು ಒಳ್ಳೆಯ ಗೆಳೆಯರು. ಆದರೆ ಅವು ಕೊಡುವುದು ಸಲಹೆ. ಮರ್ಲಿನ್ ಆಪ್ ಒಂದು ಹೆಸರು ತೋರಿಸಿತು ಎಂಬುದಷ್ಟೇ ಆಧಾರವಾದರೆ ಆ ಹಕ್ಕಿಯನ್ನು ದಾಖಲಿಸಬೇಡಿ. ಸ್ಟಾರ್ಲಿಂಗ್ ಎಂಬ ಇಲ್ಲಿನ ಹಕ್ಕಿ, ನಮ್ಮ ಮೈನಾದ ಬಳಗದ್ದು, ಬೇರೆ ಹಕ್ಕಿಗಳ ದನಿಯನ್ನು ತದ್ರೂಪು ಅನುಕರಿಸುತ್ತದೆ. ಕಣ್ಣಿಂದ ನೋಡಿ, ಆಮೇಲೆ ಬರೆಯಿರಿ.

ಫೋಟೋ ಒಂದಲ್ಲ, ಮೂರು ನಾಲ್ಕು ಬೇಕು. ಬಂಬಲ್‌ಬೀಗೆ ಬೆನ್ನು, ಬಾಲ, ಮುಖ. ಗಿಡಕ್ಕೆ ಹೂವು, ಎಲೆ, ದಂಟು. ಅಣಬೆಗೆ ಕೊಡೆಯ ಕೆಳಭಾಗ. ಪಕ್ಕದಲ್ಲಿ ಒಂದು ಪೆನ್ನಿ ನಾಣ್ಯ ಇಟ್ಟರೆ ಗಾತ್ರ ತಿಳಿಯುತ್ತದೆ. ಮೂಲ ಫೋಟೋವನ್ನೇ ಕಳಿಸಿ. ವಾಟ್ಸಾಪ್‌ನಲ್ಲಿ ಸಾಮಾನ್ಯ ಫೋಟೋವಾಗಿ ಹಂಚಿ ಬಂದದ್ದರಲ್ಲಿ ತೆಗೆದ ಜಾಗ, ಹೊತ್ತಿನ ಮಾಹಿತಿ ಅಳಿಸಿಹೋಗಿರುತ್ತದೆ.

ಹಂತ 6: ಕಳಿಸುವುದು

ಹೆಚ್ಚಿನ ಗುಂಪುಗಳಿಗೆ ‘ಐರೆಕಾರ್ಡ್’ ಎಂಬ ಉಚಿತ ತಾಣ ಮತ್ತು ಆಪ್ ಇದೆ. ಅದನ್ನು ನಡೆಸುವುದು 1964ರಲ್ಲಿ ಶುರುವಾದ ಬಯಾಲಜಿಕಲ್ ರೆಕಾರ್ಡ್ಸ್ ಸೆಂಟರ್. ಹಕ್ಕಿಗಳಿಗೆ ಬಿಟಿಒ (ಬ್ರಿಟಿಷ್ ಟ್ರಸ್ಟ್ ಫಾರ್ ಆರ್ನಿಥಾಲಜಿ) ಎಂಬ ಪಕ್ಷಿ ಅಧ್ಯಯನ ಸಂಸ್ಥೆಯ ‘ಬರ್ಡ್‌ಟ್ರ್ಯಾಕ್’ ಇದೆ. ಕೆಲವು ರೆಕಾರ್ಡರ್‌ಗಳು ವರ್ಷದ ಕೊನೆಗೆ ಎಕ್ಸೆಲ್ ಹಾಳೆಯಲ್ಲಿ ಕಳಿಸಿದರೆ ಸಾಕು ಎನ್ನುತ್ತಾರೆ. ನಿಮ್ಮ ರೆಕಾರ್ಡರ್‌ಗೆ ಯಾವುದು ಅನುಕೂಲ ಎಂದು ಕೇಳಿ ಒಂದೇ ದಾರಿ ಹಿಡಿಯಿರಿ. ಒಂದೇ ನೋಟವನ್ನು ಐರೆಕಾರ್ಡ್‌ಗೂ ಐನ್ಯಾಚುರಲಿಸ್ಟ್ ಎಂಬ ಇನ್ನೊಂದು ತಾಣಕ್ಕೂ ಹಾಕಿದರೆ ಒಂದು ಚಿಟ್ಟೆ ಎರಡಾಗುತ್ತದೆ.

ಕಳಿಸಿದ ಮೇಲೆ ರೆಕಾರ್ಡರ್ ಅದನ್ನು ಒಪ್ಪಬಹುದು, ಪ್ರಶ್ನೆ ಕೇಳಬಹುದು, ಒಪ್ಪದಿರಬಹುದು. ಪ್ರಶ್ನೆ ಬಂತೆಂದರೆ ಅವಮಾನವಲ್ಲ. ‘ಕಾಲಿನ ಬಣ್ಣ ನೋಡಿದಿರಾ?’ ಎಂದರೆ, ನೋಡಿದ್ದರೆ ಹೌದು, ಇಲ್ಲವಾದರೆ ಇಲ್ಲ ಎನ್ನಿ. ಆಮೇಲೆ ಯೋಚಿಸಿ ‘ನೋಡಿದಂತೆ ನೆನಪು’ ಎಂದು ಸೇರಿಸಬೇಡಿ. ಒಪ್ಪಿದ ದಾಖಲೆಗಳು ಕೌಂಟಿಯ ದಾಖಲಾ ಕೇಂದ್ರಕ್ಕೆ ಹೋಗುತ್ತವೆ, ಹಲವು ಎನ್‌ಬಿಎನ್ ಅಟ್ಲಾಸ್ ಎಂಬ ರಾಷ್ಟ್ರೀಯ ನಕ್ಷೆಗೂ ಸೇರುತ್ತವೆ. ಹೊಲದಲ್ಲಿ ನೂರು ಮನೆ ಕಟ್ಟಲು ಅರ್ಜಿ ಬಂದಾಗ ಅಲ್ಲಿ ಏನೇನಿದೆ ಎಂದು ತೆರೆದು ನೋಡುವ ಕಡತಗಳಲ್ಲಿ ಇದೂ ಒಂದು. ನೀವು ಬರೆಯದೆ ಬಿಟ್ಟದ್ದು ಆ ಕಡತದಲ್ಲಿ ಇರುವುದಿಲ್ಲ.

ಹಿತ್ತಲಿನ ದಾಖಲೆಗೆ ಮನೆಯ ನಿಖರ ಗ್ರಿಡ್ ಕೊಡಲು ಇಷ್ಟವಿಲ್ಲದಿದ್ದರೆ 1 ಕಿ.ಮೀ. ಚೌಕ ಕೊಡಿ, ಸಾಕು.

ಹಂತ 7: ಕ್ರಮದ ಸಮೀಕ್ಷೆ

ಒಂದು ವರ್ಷ ಬಿಡಿ ದಾಖಲೆ ಮಾಡಿ ಕೈ ಪಳಗಿದ ಮೇಲೆ ಇದಕ್ಕೆ ಬನ್ನಿ. 1976ರಿಂದ ನಡೆದಿರುವ ಚಿಟ್ಟೆ ಸಮೀಕ್ಷೆಯಲ್ಲಿ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ 26 ವಾರ, ವಾರಕ್ಕೊಮ್ಮೆ ಅದೇ ದಾರಿಯಲ್ಲಿ ನಡೆಯಬೇಕು. ಈ ದಾರಿಗೆ ‘ಟ್ರಾನ್‌ಸೆಕ್ಟ್’ ಎನ್ನುತ್ತಾರೆ. ಬೆಳಿಗ್ಗೆ 10.45ರಿಂದ ಮಧ್ಯಾಹ್ನ 3.45ರ ನಡುವೆ, 13 ಡಿಗ್ರಿಗಿಂತ ಕಡಿಮೆಯಿಲ್ಲದ ದಿನ, ದಾರಿಯ 5 ಮೀಟರ್ ಅಗಲದೊಳಗೆ ಕಂಡದ್ದನ್ನು ಮಾತ್ರ ಎಣಿಸಬೇಕು. ಆರನೆಯ ಮೀಟರ್‌ನಲ್ಲಿ ಎಷ್ಟೇ ಚೆಂದದ ಚಿಟ್ಟೆ ಕೂತಿದ್ದರೂ ಲೆಕ್ಕಕ್ಕಿಲ್ಲ. ಏನೂ ಕಾಣದ ದಿನ ಸೊನ್ನೆ ಬರೆಯಲೇಬೇಕು.

ಕೆಲಸಕ್ಕೆ ಹೋಗುವವರಿಗೆ ಬ್ರೀಡಿಂಗ್ ಬರ್ಡ್ ಸರ್ವೆ, ಅಂದರೆ ಮರಿ ಮಾಡುವ ಕಾಲದ ಹಕ್ಕಿ ಎಣಿಕೆ, ಸುಲಭ: ಒಂದು ಕಿ.ಮೀ. ಚೌಕ, ಮೊದಲು ದಾರಿ ನೋಡಿಕೊಂಡು ಬರಲು ಒಮ್ಮೆ, ಎಣಿಸಲು ಏಪ್ರಿಲ್‌ನಿಂದ ಜೂನ್ ಒಳಗೆ ಎರಡು ಬೆಳಗು. ಆದರೆ ಹಕ್ಕಿಗಳನ್ನು ದನಿಯಿಂದಲೂ ಗುರುತಿಸಲು ಬರಬೇಕು.

ಹೊರಗೆ ಹೋಗಲು ಆಗದವರಿಗೆ ಪತಂಗದ ಬೋನು. ರಾತ್ರಿ ದೀಪ ಹಚ್ಚಿದ ಪೆಟ್ಟಿಗೆಯೊಳಗೆ ಮೊಟ್ಟೆಯ ರಟ್ಟಿನ ಟ್ರೇಗಳನ್ನು ಇಟ್ಟಿರುತ್ತಾರೆ. ಬೆಳಕಿಗೆ ಬಂದ ಪತಂಗಗಳು ಟ್ರೇಯ ಗುಳಿಗಳಲ್ಲಿ ಅಡಗಿ ನಿದ್ದೆ ಹೋಗುತ್ತವೆ. ಜೂನ್ ಬೆಳಗೊಂದರಲ್ಲಿ ಟ್ರೇ ಎತ್ತಿ ತಿರುಗಿಸಿದಾಗ ಗುಲಾಬಿ ಮತ್ತು ಎಳೆಹಸಿರು ಮೈಯ ಎಲಿಫೆಂಟ್ ಹಾಕ್-ಮಾತ್ ಕಂಡರೆ, ಇದು ನಮ್ಮ ಹಿತ್ತಲಲ್ಲೇ ಇತ್ತೇ ಎಂದು ಮನೆಮಂದಿಯೆಲ್ಲ ಬಗ್ಗಿ ನೋಡುತ್ತಾರೆ. ನಸುಕಿನಲ್ಲೇ ಎದ್ದು ಬೋನನ್ನು ನೆರಳಿಗೆ ಸರಿಸಿ, ಎಣಿಸಿದ ಮೇಲೆ ದಟ್ಟ ಪೊದೆಯೊಳಗೆ ಬಿಡಿ. ರಾಬಿನ್ ಹಕ್ಕಿ ಒಂದೇ ವಾರದಲ್ಲಿ ಬೋನಿನ ಜಾಗ ಕಲಿತು ಪಕ್ಕದಲ್ಲಿ ಕಾಯುತ್ತದೆ. ನೆರೆಮನೆಯವರಿಗೆ ಮೊದಲೇ ಹೇಳಿ, ಮಂದ ಬೆಳಕಿನ ‘ಆಕ್ಟಿನಿಕ್’ ದೀಪ ಆರಿಸಿಕೊಳ್ಳಿ.

ಕಾನೂನು ಮತ್ತು ಗುಟ್ಟು

1981ರ ವೈಲ್ಡ್‌ಲೈಫ್ ಅಂಡ್ ಕಂಟ್ರಿಸೈಡ್ ಕಾಯ್ದೆಯಂತೆ ಜಾಗದ ಒಡೆಯರ ಒಪ್ಪಿಗೆಯಿಲ್ಲದೆ ಯಾವ ಕಾಡುಗಿಡವನ್ನೂ ಬೇರುಸಹಿತ ಕೀಳುವಂತಿಲ್ಲ. ಬಾರ್ನ್ ಔಲ್ ಎಂಬ ಗೂಬೆ, ಮಿಂಚುಳ್ಳಿಯಂಥ ಕೆಲವು ಹಕ್ಕಿಗಳನ್ನು ಗೂಡಿನ ಬಳಿ ಕದಡಿದರೂ ಅಪರಾಧ. ವೆರ್ ನದಿಯ ದಂಡೆಯಲ್ಲಿ ಮಿಂಚುಳ್ಳಿ ಬಾಯಲ್ಲಿ ಮೀನು ಹಿಡಿದು ನಿಮ್ಮನ್ನೇ ನೋಡುತ್ತ ಚಡಪಡಿಸಿದರೆ ನೀವು ಗೂಡಿನ ದಾರಿಗೆ ಅಡ್ಡ ನಿಂತಿದ್ದೀರಿ ಎಂದು ಅರ್ಥ. ಹಿಂದೆ ಸರಿಯಿರಿ. ಬಾವಲಿ ಇರುವ ಅಟ್ಟಕ್ಕೆ ಕೈ ಹಾಕಬೇಡಿ. ಪಬ್ಲಿಕ್ ಫುಟ್‌ಪಾತ್ ಬಿಟ್ಟು ಖಾಸಗಿ ಹೊಲಕ್ಕೆ ಇಳಿಯಬೇಕಾದರೆ ಕೇಳಿ ಇಳಿಯಿರಿ.

ಬ್ಯಾಡ್ಜರ್ ಎಂಬ ಪ್ರಾಣಿಯ ಬಿಲ, ಅಪರೂಪದ ಆರ್ಕಿಡ್, ಗೂಬೆಯ ಗೂಡು, ಇವುಗಳ ನಿಖರ ಜಾಗವನ್ನು ರೆಕಾರ್ಡರ್‌ಗೆ ಕಳಿಸಿ, ಆದರೆ ಫೇಸ್‌ಬುಕ್‌ನಲ್ಲಿ, ವಾಟ್ಸಾಪ್ ಗುಂಪಿನಲ್ಲಿ ಹಾಕಬೇಡಿ. ಐರೆಕಾರ್ಡ್‌ನಲ್ಲಿ ಇಂಥವನ್ನು ‘ಸೆನ್ಸಿಟಿವ್’ ಎಂದು ಗುರುತಿಸಿದರೆ ಹೊರಗಿನವರಿಗೆ ಜಾಗ ಮಸುಕಾಗಿ ಕಾಣುತ್ತದೆ. 1938ರಲ್ಲಿ ಇದೇ ಕೌಂಟಿಯ ಟ್ರಿಂಗ್ ಜಲಾಶಯದಲ್ಲಿ ಲಿಟಲ್ ರಿಂಗ್ಡ್ ಪ್ಲೋವರ್ ಬ್ರಿಟನ್ನಿನಲ್ಲೇ ಮೊದಲ ಬಾರಿಗೆ ಮರಿ ಮಾಡಿತು. ನಮ್ಮ ಕೆರೆಗಳ ಕೆಸರಂಚಿನಲ್ಲಿ ಪುಟುಪುಟು ಓಡಾಡುವ, ಕಣ್ಣಿನ ಸುತ್ತ ಹಳದಿ ಉಂಗುರದ ಅದೇ ಪುಟ್ಟ ಹಕ್ಕಿ. ಅದರ ಮೊಟ್ಟೆ ಜಲ್ಲಿಕಲ್ಲಿನ ನಡುವೆ ಕಲ್ಲಿನಂತೆಯೇ ಇರುತ್ತದೆ. ನೋಡಲು ಜನ ಮುಗಿಬಿದ್ದರೆ ಒಂದು ಹೆಜ್ಜೆಗೆ ಗೂಡು ಹೋಯಿತು.

ಕಾಯಬಾರದ ಒಂದು ದಾಖಲೆ

ಏಷಿಯನ್ ಹಾರ್ನೆಟ್ ಎಂಬ ಕಣಜ ಕಂಡರೆ ವರ್ಷದ ಕೊನೆಯವರೆಗೆ ಇಟ್ಟುಕೊಳ್ಳಬೇಡಿ, ಅವತ್ತೇ ತಿಳಿಸಿ. ಜೇನುಹುಳುಗಳನ್ನು ಹಿಡಿದು ತಿನ್ನುವ ಇದು ಬ್ರಿಟನ್ನಿನಲ್ಲಿ ಮೊದಲು ಖಚಿತವಾದದ್ದು 2016ರಲ್ಲಿ. ಮೈ ಕಪ್ಪು, ಹೊಟ್ಟೆಯ ತುದಿಯ ಬಳಿ ಒಂದು ಅಗಲ ಹಳದಿ-ಕಿತ್ತಳೆ ಪಟ್ಟಿ, ಕಾಲಿನ ತುದಿಗಳು ಹಳದಿ. ಇಲ್ಲಿನದೇ ಆದ ಯುರೋಪಿಯನ್ ಹಾರ್ನೆಟ್ ಇದಕ್ಕಿಂತ ದೊಡ್ಡದು, ಕಂದುಗೆಂಪು ಮತ್ತು ಹಳದಿ. ಅದನ್ನು ಕೊಲ್ಲಬೇಡಿ. ಏಷಿಯನ್ ಹಾರ್ನೆಟ್ ಎಂದು ಅನ್ನಿಸಿದ್ದನ್ನು ದೂರದಿಂದ ಫೋಟೋ ತೆಗೆದು ‘ಏಷಿಯನ್ ಹಾರ್ನೆಟ್ ವಾಚ್’ ಆಪ್‌ನಲ್ಲಿ ಹಾಕಿ. ಗೂಡು ಕಂಡರೆ ಹತ್ತಿರ ಹೋಗದೆ ಜಾಗ ಮಾತ್ರ ಗುರುತು ಹಾಕಿಕೊಂಡು ಬನ್ನಿ.